ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಯಾವ ಕೇಸು ನಡೆಯುತ್ತದೆ, ಯಾವುದು ನಡೆಯುವುದಿಲ್ಲ?

2025ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಯನ್ನು (ಅವರು ಅಲ್ಲಿ ಕಾನೂನುಬದ್ಧವಾಗಿ ಓದುತ್ತಿದ್ದಾರೆ ಎಂಬ ಸರ್ಕಾರಿ ದಾಖಲೆ) ಏಕಾಏಕಿ ರದ್ದು ಮಾಡಿತು. ಅವರಲ್ಲಿ ಭಾರತದ ಮಕ್ಕಳು ತುಂಬಾ ಇದ್ದರು. ಎಷ್ಟೋ ಜನ ಫೆಡರಲ್ ಕೋರ್ಟಿಗೆ, ಅಂದರೆ ಕೇಂದ್ರ ಸರ್ಕಾರದ ಕೋರ್ಟಿಗೆ ಹೋದರು, ತಾತ್ಕಾಲಿಕ ತಡೆಯಾಜ್ಞೆ ತಂದರು. ತಿಂಗಳ ಕೊನೆಯ ಹೊತ್ತಿಗೆ ಸರ್ಕಾರವೇ ದಾಖಲೆಗಳನ್ನು ಮತ್ತೆ ಚಾಲ್ತಿಗೆ ತರುವುದಾಗಿ ಹೇಳಿತು. ಅದೇ ವರ್ಷ ಸೆಪ್ಟೆಂಬರ್ 19ರಂದು ಹೊಸ ಎಚ್-1ಬಿ (ಕೆಲಸದ ವೀಸಾ) ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕೆಂಬ ಆದೇಶ ಬಂತು. ಅಕ್ಟೋಬರ್‌ನಲ್ಲಿ ಅದರ ವಿರುದ್ಧವೂ ಫೆಡರಲ್ ಕೋರ್ಟುಗಳಲ್ಲಿ ಕೇಸು ಬಿತ್ತು.

ಈ ಸುದ್ದಿಗಳನ್ನು ಓದಿದವರಿಗೆ ಒಂದು ಧೈರ್ಯ ಬರುವುದು ಸಹಜ. ಅಲ್ಲಿ ಏನೇ ಅನ್ಯಾಯವಾದರೂ ಫೆಡರಲ್ ಕೋರ್ಟು ಇದೆ, ಅಲ್ವಾ? ಮನೆ ಓನರ್ ಮಗನ ಡೆಪಾಸಿಟ್ ವಾಪಸ್ ಕೊಡುತ್ತಿಲ್ಲ. ಚೆನ್ನೈನಲ್ಲಿ ಸೊಸೆಯ ವೀಸಾ ರಿಜೆಕ್ಟ್ ಆಗಿದೆ. ಮಗಳು ಗಂಡನಿಂದ ಬೇರೆಯಾಗಬೇಕೆಂದಿದ್ದಾಳೆ. ಇವೆಲ್ಲಕ್ಕೂ ಆ ಬಾಗಿಲು ತಟ್ಟಬಹುದಾ?

ತಟ್ಟಬಹುದು, ಆದರೆ ತೆರೆಯುವುದಿಲ್ಲ. ಈ ಮೂರರಲ್ಲಿ ಒಂದೂ ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ. ತಪ್ಪು ಯಾರದ್ದು ಎಂದು ನೋಡುವುದಕ್ಕಿಂತ ಮುಂಚೆ ಫೆಡರಲ್ ನ್ಯಾಯಾಧೀಶರು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಕೇಸನ್ನು ಕೇಳುವ ಅಧಿಕಾರ ನನಗಿದೆಯಾ? ಇದಕ್ಕೆ ನ್ಯಾಯವ್ಯಾಪ್ತಿ ಎನ್ನುತ್ತಾರೆ.

ಒಂದೂರಲ್ಲಿ ಎರಡು ಕೋರ್ಟು

ಪೊಲೀಸ್ ಸ್ಟೇಷನ್ನಿಗೆ ದೂರು ಕೊಡಲು ಹೋದವರು "ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ, ಪಕ್ಕದ ಸ್ಟೇಷನ್ನಿಗೆ ಹೋಗಿ" ಎಂಬ ಮಾತು ಕೇಳಿರುತ್ತೀರಿ. ಅದು ಜಾಗದ ಗಡಿ. ಅಮೆರಿಕದ ಫೆಡರಲ್ ಕೋರ್ಟಿಗೆ ಜಾಗದ ಗಡಿಯ ಜೊತೆಗೆ ವಿಷಯದ ಗಡಿಯೂ ಇದೆ. ಘಟನೆ ಕೋರ್ಟಿನ ಎದುರು ರಸ್ತೆಯಲ್ಲೇ ನಡೆದಿದ್ದರೂ ವಿಷಯ ಅದರ ಪಟ್ಟಿಯಲ್ಲಿಲ್ಲ ಎಂದರೆ ಅದು ಕೇಳುವಂತಿಲ್ಲ.

ನಮಗೆ ಇದು ಹೊಸದಾಗಿ ಕಾಣಲು ಕಾರಣವಿದೆ. ನಮ್ಮಲ್ಲಿ ಕೋರ್ಟುಗಳದ್ದು ಒಂದೇ ಏಣಿ. ಕೇಂದ್ರದ ಕಾನೂನಾಗಲಿ, ರಾಜ್ಯದ ಕಾನೂನಾಗಲಿ, ಹತ್ತುವ ಮೆಟ್ಟಿಲು ಅದೇ. ಬೆಂಗಳೂರಿನ ಲಘುವ್ಯವಹಾರಗಳ ನ್ಯಾಯಾಲಯವನ್ನೇ ನೋಡಿ. ಕೇಂದ್ರದ ಮೋಟಾರು ವಾಹನ ಕಾಯ್ದೆಯ ಅಪಘಾತ ಪರಿಹಾರವೂ ಅಲ್ಲೇ, ಕರ್ನಾಟಕದ ಬಾಡಿಗೆ ಕಾಯ್ದೆಯ ತಕರಾರೂ ಅಲ್ಲೇ.

ಅಮೆರಿಕದಲ್ಲಿ ಎರಡು ಏಣಿಗಳಿವೆ. 50 ರಾಜ್ಯಗಳಿಗೂ ತಮ್ಮ ತಮ್ಮ ಕೋರ್ಟು, ತಮ್ಮದೇ ಸುಪ್ರೀಂ ಕೋರ್ಟು. ಅದರ ಪಕ್ಕದಲ್ಲೇ ಕೇಂದ್ರ ಸರ್ಕಾರದ ಏಣಿ. ಅದರ ಕೆಳಗಿನ ಮೆಟ್ಟಿಲು ಡಿಸ್ಟ್ರಿಕ್ಟ್ ಕೋರ್ಟು. ದೇಶಕ್ಕೆಲ್ಲ ಸೇರಿ 94 ಇವೆ. ಹೆಸರು ಕೇಳಿ ನಮ್ಮ ಜಿಲ್ಲಾ ನ್ಯಾಯಾಲಯ ಎಂದುಕೊಳ್ಳಬೇಡಿ. ಎಷ್ಟೋ ರಾಜ್ಯಗಳಿಗೆ ಇಂಥ ಕೋರ್ಟು ಒಂದೇ ಒಂದು. ಕ್ಯಾಲಿಫೋರ್ನಿಯಾದಂಥ ದೊಡ್ಡ ರಾಜ್ಯಕ್ಕೆ ನಾಲ್ಕು. ಸಾಕ್ಷಿ, ದಾಖಲೆ, ವಿಚಾರಣೆ ಎಲ್ಲ ನಡೆಯುವುದು ಇಲ್ಲಿ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಕಲಂ ಪ್ರಕಾರ, ಕಾನೂನು ಬೇಡ ಎಂದಿರದಿದ್ದರೆ ಸಿವಿಲ್ ಕೋರ್ಟು ಎಲ್ಲ ಸಿವಿಲ್ ದಾವೆಗಳನ್ನೂ ಕೇಳಬೇಕು. ಅಂದರೆ ಬಾಗಿಲು ತೆರೆದೇ ಇರುತ್ತದೆ. ಫೆಡರಲ್ ಕೋರ್ಟಿನ ಬಾಗಿಲು ಮುಚ್ಚಿರುತ್ತದೆ. ಅದನ್ನು ತೆರೆಯುವ ಕೀಲಿ ತನ್ನ ಹತ್ತಿರ ಇದೆ ಎಂದು ಕೇಸು ತಂದವರೇ ತೋರಿಸಬೇಕು.

ಇಷ್ಟು ಬಿಗಿ ಯಾಕೆ?

1787ರಲ್ಲಿ ಸಂವಿಧಾನ ಬರೆಯುವಾಗ ರಾಜ್ಯಗಳಿಗೆ ಭಯವಿತ್ತು. ಹೊಸ ಕೇಂದ್ರ ಸರ್ಕಾರ ತಮ್ಮ ಕೋರ್ಟುಗಳನ್ನು ನುಂಗಿಬಿಟ್ಟರೆ? ಕೊನೆಗೆ ಒಂದು ರಾಜಿಯಾಯಿತು. ಸಂವಿಧಾನದ ಮೂರನೇ ವಿಧಿ ಸುಪ್ರೀಂ ಕೋರ್ಟನ್ನು ಮಾತ್ರ ಸ್ಥಾಪಿಸಿತು. ಕೆಳಗಿನ ಕೋರ್ಟು ಬೇಕೋ ಬೇಡವೋ ಎನ್ನುವುದನ್ನು ಸಂಸತ್ತಿಗೆ, ಅಂದರೆ ಕಾಂಗ್ರೆಸ್ಸಿಗೆ ಬಿಟ್ಟಿತು. ಅವು ಎಂಥ ವಿಷಯ ಕೇಳಬಹುದು ಎಂಬ ಪಟ್ಟಿಯನ್ನೂ ಹಾಕಿತು. 1789ರಲ್ಲಿ ಕಾಂಗ್ರೆಸ್ 13 ಡಿಸ್ಟ್ರಿಕ್ಟ್ ಕೋರ್ಟುಗಳನ್ನು ತೆರೆಯಿತು, ಆದರೆ ಪಟ್ಟಿಯಲ್ಲಿದ್ದ ಅಧಿಕಾರವನ್ನೆಲ್ಲ ಕೊಡಲಿಲ್ಲ. ಕೇಂದ್ರ ಕಾನೂನಿಗೆ ಸಂಬಂಧಪಟ್ಟ ಕೇಸುಗಳನ್ನು ಸಾಮಾನ್ಯವಾಗಿ ಕೇಳುವ ಅಧಿಕಾರ ಇವುಗಳಿಗೆ ಗಟ್ಟಿಯಾಗಿ ಸಿಕ್ಕಿದ್ದು 1875ರಲ್ಲಿ.

ಹಾಗಾಗಿ ಎರಡು ಜರಡಿಗಳನ್ನು ದಾಟಬೇಕು. ವಿಷಯ ಸಂವಿಧಾನದ ಪಟ್ಟಿಯಲ್ಲಿರಬೇಕು, ಕಾಂಗ್ರೆಸ್ಸೂ ಅದನ್ನು ಈ ಕೋರ್ಟಿಗೆ ಕೊಟ್ಟಿರಬೇಕು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಆಗುವುದಿಲ್ಲ.

ಮೊದಲ ಬಾಗಿಲು: ಕೇಂದ್ರದ ಕಾನೂನು

ನಿಮ್ಮ ದೂರು ಕೇಂದ್ರದ ಕಾನೂನು ಅಥವಾ ಸಂವಿಧಾನದಿಂದ ಹುಟ್ಟಿದ್ದರೆ ಮೊದಲ ಬಾಗಿಲು ತೆರೆಯುತ್ತದೆ. ಬಣ್ಣ, ಧರ್ಮ, ಹುಟ್ಟಿದ ದೇಶದ ಕಾರಣಕ್ಕೆ ಕೆಲಸದಲ್ಲಿ ತಾರತಮ್ಯ, ಪೇಟೆಂಟ್, ಕೇಂದ್ರದ ಕನಿಷ್ಠ ವೇತನ ಕಾನೂನು, ಸರ್ಕಾರ ಮೂಲಭೂತ ಹಕ್ಕು ಕಸಿದುಕೊಂಡ ಆರೋಪ, ಇವೆಲ್ಲ ಇಲ್ಲಿ ಬರುತ್ತವೆ. ಆ ವಿದ್ಯಾರ್ಥಿಗಳು ಒಳಗೆ ಹೋದದ್ದೂ ಈ ಬಾಗಿಲಿನಿಂದಲೇ. ಇದಕ್ಕೆ ಈಗ ಹಣದ ಮಿತಿ ಇಲ್ಲ.

ಕೇಳಲು ಸುಲಭ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಅದು ಅರ್ಥವಾಗಬೇಕಾದರೆ ಒಂದು ಹಳೆಯ ರೈಲು ಪಾಸಿನ ಕಥೆ ಹೇಳಬೇಕು.

1871ರಲ್ಲಿ ಕೆಂಟಕಿ ರಾಜ್ಯದಲ್ಲಿ ಒಂದು ರೈಲು ಅಪಘಾತವಾಯಿತು. ಗಾಯಗೊಂಡವರಲ್ಲಿ ಮಾಟ್ಲಿ ಎಂಬ ಗಂಡ ಹೆಂಡತಿ ಇದ್ದರು. ಕೇಸು ಹಾಕಬೇಡಿ, ಬದುಕಿರುವ ತನಕ ನಿಮಗೆ ನಮ್ಮ ರೈಲಿನಲ್ಲಿ ಟಿಕೆಟ್ ಬೇಡ ಎಂದು ಲೂಯಿವಿಲ್ ಅಂಡ್ ನ್ಯಾಶ್‌ವಿಲ್ ರೈಲು ಕಂಪನಿ ಬರೆದುಕೊಟ್ಟಿತು. ವರ್ಷ ವರ್ಷವೂ ಪಾಸು ಹೊಸದಾಗುತ್ತಾ ಬಂತು. 35 ವರ್ಷ ಹಾಗೇ ನಡೆಯಿತು. 1906ರಲ್ಲಿ ಕಾಂಗ್ರೆಸ್ ಹೊಸ ಕಾನೂನು ತಂದು ರೈಲು ಕಂಪನಿಗಳು ಉಚಿತ ಪಾಸು ಕೊಡುವುದನ್ನು ನಿಲ್ಲಿಸಿತು. 1907ರಿಂದ ಕಂಪನಿ ಇವರಿಗೂ ಪಾಸು ಕೊಡಲಿಲ್ಲ.

ದಂಪತಿ ಫೆಡರಲ್ ಕೋರ್ಟಿಗೆ ಹೋದರು. ಕಂಪನಿ ಒಪ್ಪಂದ ಮುರಿದಿದೆ ಎಂದರು. "ಹೊಸ ಕಾನೂನು ಅಡ್ಡ ಬಂತು ಎಂದು ಕಂಪನಿ ಹೇಳಬಹುದು, ಆದರೆ ಆ ಕಾನೂನು ನಮ್ಮ ಹಳೆಯ ಒಪ್ಪಂದಕ್ಕೆ ಅನ್ವಯಿಸುವುದಿಲ್ಲ, ಅನ್ವಯಿಸಿದರೆ ಅದು ಸಂವಿಧಾನಕ್ಕೆ ವಿರುದ್ಧ" ಎಂದು ಮೊದಲೇ ವಾದ ಹೂಡಿದರು. ಕೆಳಗಿನ ಕೋರ್ಟಿನಲ್ಲಿ ಗೆದ್ದರು. ಕಂಪನಿ ಸುಪ್ರೀಂ ಕೋರ್ಟಿಗೆ ಅಪೀಲು ಹೋಯಿತು. ಇಡೀ ಜಗಳ ಕೇಂದ್ರದ ಕಾನೂನಿನ ಸುತ್ತಲೇ ಇದೆ, ಅಲ್ವಾ?

1908ರಲ್ಲಿ ಸುಪ್ರೀಂ ಕೋರ್ಟು ಬೇರೆಯೇ ಹೇಳಿತು. ದಂಪತಿಯ ದೂರು ಏನು? ಒಪ್ಪಂದ ಮುರಿದಿದ್ದು. ಒಪ್ಪಂದಕ್ಕೆ ಸಂಬಂಧಪಟ್ಟದ್ದು ರಾಜ್ಯದ ಕಾನೂನು. ಕೇಂದ್ರದ ಕಾನೂನು ಬರುವುದು ಎದುರು ಪಕ್ಷದವರ ಉತ್ತರದಲ್ಲಿ. ಎದುರಿನವರು ಏನು ಹೇಳಬಹುದು ಎಂಬ ಊಹೆಯ ಮೇಲೆ ಫೆಡರಲ್ ಕೋರ್ಟಿನ ಬಾಗಿಲು ತೆರೆಯುವುದಿಲ್ಲ. ವಾದಿಯ ಸ್ವಂತ ದೂರಿನಲ್ಲೇ ಕೇಂದ್ರದ ಕಾನೂನು ಇರಬೇಕು. ಈ ತಕರಾರನ್ನು ಎರಡೂ ಕಡೆಯವರು ಎತ್ತಿರಲಿಲ್ಲ. ಕೋರ್ಟು ತಾನಾಗಿಯೇ ಎತ್ತಿತು, ಗೆದ್ದ ತೀರ್ಪನ್ನು ರದ್ದು ಮಾಡಿತು.

ನೂರು ವರ್ಷ ದಾಟಿದರೂ ಈ ನಿಯಮ ಇಂದಿಗೂ ಹಾಗೇ ಇದೆ. ಮನೆ ಓನರ್ ಡೆಪಾಸಿಟ್ ಕೊಡದಿರುವುದು ರಾಜ್ಯದ ಕಾನೂನಿನ ವಿಷಯ. ಬಾಡಿಗೆದಾರ ವೀಸಾದಲ್ಲಿದ್ದಾನೆ ಎಂಬ ಕಾರಣಕ್ಕೆ ಅದು ಕೇಂದ್ರದ ವಿಷಯವಾಗುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಾದರೆ 12,500 ಡಾಲರ್‌ವರೆಗಿನ ಇಂಥ ತಕರಾರಿಗೆ ರಾಜ್ಯದ ಸ್ಮಾಲ್ ಕ್ಲೇಮ್ಸ್ ಕೋರ್ಟು ಇದೆ. ವಕೀಲರಿಲ್ಲದೆ ತಾವೇ ಹೋಗಿ ಹೇಳಿಕೊಳ್ಳಬಹುದು.

ಎರಡನೇ ಬಾಗಿಲು: ಬೇರೆ ಬೇರೆ ರಾಜ್ಯದವರು

ಎರಡು ರಾಜ್ಯದವರ ನಡುವೆ ಜಗಳವಾದರೆ ತನ್ನ ಊರಿನವನ ಕಡೆಗೆ ರಾಜ್ಯದ ಕೋರ್ಟು ವಾಲಬಹುದು ಎಂಬ ಅನುಮಾನ ಮೊದಲಿನಿಂದಲೂ ಇತ್ತು. ಅದಕ್ಕಾಗಿ ಮಾಡಿದ ಬಾಗಿಲು ಇದು. ಜಗಳ ರಾಜ್ಯದ ಕಾನೂನಿನದ್ದೇ ಇರಲಿ, ಎರಡು ಷರತ್ತು ಪೂರೈಸಿದರೆ ಫೆಡರಲ್ ಕೋರ್ಟು ಕೇಳಬಹುದು.

ಒಂದು, ಹಣ. ತಕರಾರಿನ ಮೊತ್ತ 75,000 ಡಾಲರ್‌ಗಿಂತ ಜಾಸ್ತಿ ಇರಬೇಕು. ಸರಿಯಾಗಿ 75,000 ಇದ್ದರೂ ಸಾಲದು. 1789ರಲ್ಲಿ ಈ ಮಿತಿ 500 ಡಾಲರ್ ಇತ್ತು. ನಮ್ಮ ಗ್ರಾಹಕರ ಆಯೋಗಗಳಲ್ಲಿ 50 ಲಕ್ಷದವರೆಗೆ ಜಿಲ್ಲೆ, ಅದರ ಮೇಲೆ ರಾಜ್ಯ ಎಂಬ ಲೆಕ್ಕ ಇದೆಯಲ್ಲ, ಹಾಗೆ.

ಎರಡು, ಪೌರತ್ವ. ವಾದಿಗಳ ಕಡೆಯ ಒಬ್ಬರೂ ಪ್ರತಿವಾದಿಗಳ ಕಡೆಯ ಯಾರೊಬ್ಬರ ರಾಜ್ಯದವರೂ ಆಗಿರಬಾರದು. ಇದನ್ನು ಸುಪ್ರೀಂ ಕೋರ್ಟು 1806ರಲ್ಲೇ ಹೇಳಿದೆ. ಹತ್ತು ಜನರಲ್ಲಿ ಒಬ್ಬರು ಎದುರು ಕಡೆಯವರದೇ ರಾಜ್ಯದವರಾದರೂ ಬಾಗಿಲು ಮುಚ್ಚಿತು. ತುಂಬಾ ಜನ ಸೇರಿ ಹಾಕುವ ದೊಡ್ಡ ಸಾಮೂಹಿಕ ಕೇಸುಗಳಿಗೆ ಮಾತ್ರ 2005ರ ಕಾನೂನು ಸ್ವಲ್ಪ ಸಡಿಲಿಕೆ ಕೊಟ್ಟಿದೆ.

ನಮ್ಮವರಿಗೆ ಇಲ್ಲಿ ಲೆಕ್ಕ ಸ್ವಲ್ಪ ತಿರುಚಿಕೊಳ್ಳುತ್ತದೆ. ನಿಧಾನವಾಗಿ ನೋಡೋಣ. ಎಲ್ಲದರಲ್ಲೂ ಮೊತ್ತ 75,000 ದಾಟಿದೆ ಎಂದಿಟ್ಟುಕೊಳ್ಳಿ.

ಟೆಕ್ಸಾಸ್‌ನಲ್ಲಿ ಎಚ್-1ಬಿ ಮೇಲೆ ಇರುವ ಹಾಸನದ ಹುಡುಗನಿಗೆ ಟೆಕ್ಸಾಸ್‌ನ ಅಮೆರಿಕನ್ ಒಬ್ಬರ ಕಾರು ಗುದ್ದಿತು. ಹುಡುಗ ಭಾರತದ ಪ್ರಜೆ, ಎದುರಿನವರು ಒಂದು ರಾಜ್ಯದ ಪ್ರಜೆ. ಫೆಡರಲ್ ಕೋರ್ಟಿಗೆ ಹೋಗಬಹುದು. ಅದೇ ಹುಡುಗನಿಗೆ ಗ್ರೀನ್ ಕಾರ್ಡ್ ಬಂದು ಅವನು ಟೆಕ್ಸಾಸ್‌ನಲ್ಲೇ ನೆಲೆಸಿದರೆ? ಹೋಗುವಂತಿಲ್ಲ. ಎದುರಿನವರದೇ ರಾಜ್ಯದಲ್ಲಿ ನೆಲೆಸಿದ ಗ್ರೀನ್ ಕಾರ್ಡ್‌ದಾರರಿಗೆ ಕಾನೂನು ಈ ಬಾಗಿಲು ಮುಚ್ಚಿದೆ.

ಕಾರು ಗುದ್ದಿದವರೂ ವೀಸಾದಲ್ಲಿರುವ ಭಾರತೀಯರೇ ಆಗಿದ್ದರೆ ಅದೂ ಆಗುವುದಿಲ್ಲ. ಇಬ್ಬರೂ ವಿದೇಶಿಯರು. ಅವರು ರಾಜ್ಯದ ಕೋರ್ಟಿಗೇ ಹೋಗಬೇಕು.

ಇನ್ನೊಂದು ಸಂದರ್ಭ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಪಡೆದವರು ನಿವೃತ್ತಿಯಾದ ಮೇಲೆ ಮೈಸೂರಿಗೆ ಬಂದು ಕಾಯಂ ನೆಲೆಸಿದ್ದಾರೆ. ಕೈಯಲ್ಲಿ ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡಿದೆ. ನ್ಯೂಜೆರ್ಸಿಯಲ್ಲಿದ್ದ ಹಳೆಯ ಪಾಲುದಾರರ ಮೇಲೆ ಕೇಸು ಹಾಕಬೇಕು. ಮೈಸೂರಿನಲ್ಲಿರುವ ಇವರು ಈಗ ಅಮೆರಿಕದ ಯಾವ ರಾಜ್ಯಕ್ಕೂ ಸೇರಿದವರಲ್ಲ, ವಿದೇಶಿ ಪ್ರಜೆಯೂ ಅಲ್ಲ, ಯಾಕೆಂದರೆ ಒಸಿಐ ಪೌರತ್ವವಲ್ಲ. ಹಾಗಾಗಿ ಈ ಬಾಗಿಲಿನಲ್ಲಿ ಅವರಿಗೆ ಜಾಗವೇ ಇಲ್ಲ. ಸುಪ್ರೀಂ ಕೋರ್ಟು 1989ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ.

ಕಂಪನಿಗಳಿಗೆ ಎರಡು ಊರು. ನೋಂದಣಿಯಾದ ರಾಜ್ಯ ಒಂದು, ಮುಖ್ಯ ಕಚೇರಿ ಇರುವ ರಾಜ್ಯ ಇನ್ನೊಂದು. ಕಾರು ಬಾಡಿಗೆಯ ಹರ್ಟ್ಜ್ ಕಂಪನಿಯ ಕೇಸಿನಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ಮುಖ್ಯ ಕಚೇರಿ ಎಂದರೆ ವ್ಯಾಪಾರ ಜಾಸ್ತಿ ನಡೆಯುವ ಜಾಗವಲ್ಲ, ದೊಡ್ಡವರು ಕೂತು ತೀರ್ಮಾನ ಮಾಡುವ ಜಾಗ ಎಂದಿತು. ಆದರೆ ಎಲ್‌ಎಲ್‌ಸಿ ಎಂಬ ಸೀಮಿತ ಹೊಣೆಗಾರಿಕೆಯ ಸಂಸ್ಥೆಗಳಿಗೆ ಈ ಲೆಕ್ಕ ಇಲ್ಲ. ಅದರ ಒಬ್ಬೊಬ್ಬ ಪಾಲುದಾರ ಎಲ್ಲಿಯವರೋ ಸಂಸ್ಥೆಯೂ ಅಲ್ಲಿಯದು. ನಮ್ಮವರ ಎಷ್ಟೋ ಹೋಟೆಲ್, ಕನ್ಸಲ್ಟಿಂಗ್ ಸಂಸ್ಥೆಗಳು ಎಲ್‌ಎಲ್‌ಸಿಗಳೇ.

ಮನೆಯೊಳಗಿನ ಜಗಳ

ಮೇಲಿನ ಷರತ್ತುಗಳೆಲ್ಲ ಹೊಂದಿಕೆಯಾದರೂ ವಿಚ್ಛೇದನ, ಜೀವನಾಂಶ, ಮಕ್ಕಳು ಯಾರ ಬಳಿ ಇರಬೇಕು ಎಂಬುದನ್ನು ಫೆಡರಲ್ ಕೋರ್ಟು ತೀರ್ಮಾನಿಸುವುದಿಲ್ಲ. 1859ರಿಂದ ಬಂದ ಪದ್ಧತಿ ಇದು. 1992ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಮತ್ತೆ ಹೇಳಿತು. ಉಯಿಲು ಸಾಬೀತು ಮಾಡಿ ಆಸ್ತಿ ಹಂಚುವುದೂ ರಾಜ್ಯದ ಕೋರ್ಟಿನ ಕೆಲಸ. ಗಂಡ ಡಲ್ಲಾಸ್‌ನಲ್ಲಿ, ಹೆಂಡತಿ ಸಿಯಾಟಲ್‌ನಲ್ಲಿ ಇದ್ದರೂ ಬದಲಾಗುವುದಿಲ್ಲ. ಮಗುವನ್ನು ದೇಶದಿಂದ ದೇಶಕ್ಕೆ ಕರೆದೊಯ್ದ ಕೇಸುಗಳಿಗೆ ಹೇಗ್ ಒಪ್ಪಂದದ ಮೂಲಕ ಫೆಡರಲ್ ಕೋರ್ಟಿನ ದಾರಿ ಇದೆ. ಆದರೆ ಭಾರತ ಆ ಒಪ್ಪಂದಕ್ಕೆ ಸೇರಿಲ್ಲ. ಹಾಗಾಗಿ ನಮ್ಮ ಕುಟುಂಬಗಳಿಗೆ ಆ ದಾರಿಯೂ ಸಿಗುವುದಿಲ್ಲ. ಇದರ ನೋವು ಅನುಭವಿಸಿದವರಿಗೇ ಗೊತ್ತು.

ವೀಸಾ, ಗ್ರೀನ್ ಕಾರ್ಡ್, ಗಡೀಪಾರು

ವಲಸೆ ಕಾನೂನು ಪೂರ್ತಿ ಕೇಂದ್ರದ್ದು. ಹಾಗಿದ್ದ ಮೇಲೆ ಮೊದಲ ಬಾಗಿಲು ಸಲೀಸಾಗಿ ತೆರೆಯಬೇಕಲ್ಲವೇ? ಇಲ್ಲೇ ಕಾಂಗ್ರೆಸ್ ಒಳಗೆ ಇನ್ನಷ್ಟು ಗೋಡೆ ಕಟ್ಟಿದೆ.

ಗಡೀಪಾರು ಆದೇಶವನ್ನು ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. ನ್ಯಾಯ ಇಲಾಖೆಯ ಒಳಗಿನ ವಲಸೆ ಮೇಲ್ಮನವಿ ಮುಗಿಸಿ ನೇರವಾಗಿ ಫೆಡರಲ್ ಅಪೀಲು ಕೋರ್ಟಿಗೆ ಹೋಗಬೇಕು. ಅಕ್ರಮವಾಗಿ ಬಂಧನದಲ್ಲಿಟ್ಟಿದ್ದಾರೆ ಎಂಬ ಹೇಬಿಯಸ್ ಕಾರ್ಪಸ್ ಅರ್ಜಿ ಮಾತ್ರ ಡಿಸ್ಟ್ರಿಕ್ಟ್ ಕೋರ್ಟಿಗೆ ಬರುತ್ತದೆ.

ಅಧಿಕಾರಿಯ ವಿವೇಚನೆಗೆ ಬಿಟ್ಟ ತೀರ್ಮಾನಗಳನ್ನೂ ಕೋರ್ಟು ಸಾಮಾನ್ಯವಾಗಿ ಮುಟ್ಟುವಂತಿಲ್ಲ. 2022ರ ಪಟೇಲ್ ವಿರುದ್ಧ ಗಾರ್ಲ್ಯಾಂಡ್ ಕೇಸು ಇದನ್ನು ಚೆನ್ನಾಗಿ ತೋರಿಸುತ್ತದೆ. ಜಾರ್ಜಿಯಾದಲ್ಲಿದ್ದ ಭಾರತೀಯರೊಬ್ಬರು ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲಿ ತಾನು ಅಮೆರಿಕದ ಪ್ರಜೆ ಎಂಬ ಚೌಕದಲ್ಲಿ ಗುರುತು ಹಾಕಿದ್ದರು. ಗೊತ್ತಿಲ್ಲದೆ ತಪ್ಪಾಯಿತು ಎಂದು ಅವರು ಹೇಳಿದರು. ಬೇಕೆಂದೇ ಹಾಕಿದ್ದು ಎಂದು ವಲಸೆ ನ್ಯಾಯಾಧೀಶರು ತೀರ್ಮಾನಿಸಿದರು. ಆ ತೀರ್ಮಾನ ವಾಸ್ತವಕ್ಕೆ ವಿರುದ್ಧವಾಗಿದ್ದರೂ ಫೆಡರಲ್ ಕೋರ್ಟು ಅದನ್ನು ಮರುಪರಿಶೀಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 5–4ರಲ್ಲಿ ಹೇಳಿತು. ಒಂದು ಸಣ್ಣ ಚೌಕ. ಅದಕ್ಕೇ, ಯಾವ ಅರ್ಜಿಯಲ್ಲೂ ಗುರುತು ಹಾಕುವ ಮುಂಚೆ ಎರಡು ಸಲ ಓದಿ ಎಂದು ಅಲ್ಲಿರುವ ಮಕ್ಕಳಿಗೆ ಹೇಳಲೇಬೇಕು.

ಚೆನ್ನೈನಲ್ಲೋ ಹೈದರಾಬಾದ್‌ನಲ್ಲೋ ಕಾನ್ಸುಲೇಟ್ ಅಧಿಕಾರಿ ವೀಸಾ ನಿರಾಕರಿಸಿದರೆ ಅಮೆರಿಕದ ಕೋರ್ಟುಗಳು ಸಾಮಾನ್ಯವಾಗಿ ತಲೆ ಹಾಕುವುದಿಲ್ಲ. ಕಟ್ಟುನಿಟ್ಟಾಗಿ ಹೇಳಿದರೆ ಇದು ನ್ಯಾಯವ್ಯಾಪ್ತಿಯ ನಿಯಮವಲ್ಲ, ಬೇರೆಯೇ ತತ್ವ. ಆದರೆ ಕುಟುಂಬಕ್ಕೆ ಸಿಗುವ ಉತ್ತರ ಅದೇ. 2024ರಲ್ಲಿ ಸುಪ್ರೀಂ ಕೋರ್ಟು ಅಮೆರಿಕದ ಪ್ರಜೆಯೊಬ್ಬರ ಗಂಡನ ವೀಸಾ ವಿಷಯದಲ್ಲೂ ಹೀಗೇ ಹೇಳಿತು.

ತೀರ್ಮಾನವೇ ಬರದೆ ಅರ್ಜಿ ವರ್ಷಗಟ್ಟಲೆ ಕೊಳೆಯುತ್ತಿದ್ದರೆ ಮ್ಯಾಂಡಮಸ್ ಎಂಬ ದಾರಿ ಇದೆ. "ಬೇಗ ತೀರ್ಮಾನ ಮಾಡಿ" ಎಂದು ಕೋರ್ಟು ಹೇಳಬಹುದು, "ಹೌದು ಎಂದೇ ತೀರ್ಮಾನಿಸಿ" ಎನ್ನುವಂತಿಲ್ಲ. ಇದರಲ್ಲೂ ಎಲ್ಲ ಕೋರ್ಟುಗಳ ಮಾತು ಒಂದೇ ತರ ಇಲ್ಲ.

ನಿಮಗೇನು ನಷ್ಟವಾಯಿತು?

ಎರಡು ಬಾಗಿಲುಗಳಲ್ಲಿ ಯಾವುದರಿಂದ ಬಂದರೂ ಕೇಳುವ ಪ್ರಶ್ನೆ ಇದು. ಕಾನೂನು ಮುರಿದಿದ್ದಾರೆ ಎಂದರೆ ಸಾಲದು, ಅದರಿಂದ ನಿಮಗೆ ನಿಜವಾದ ತೊಂದರೆ ಆಗಿರಬೇಕು. 2021ರ ಟ್ರಾನ್ಸ್‌ಯೂನಿಯನ್ ಕೇಸಿನಲ್ಲಿ 8,185 ಜನರ ಕ್ರೆಡಿಟ್ ಕಡತದಲ್ಲಿ, ಅಂದರೆ ಆ ಕಂಪನಿ ಇಟ್ಟ ಸಾಲದ ಇತಿಹಾಸದಲ್ಲಿ, ಅವರ ಹೆಸರು ಭಯೋತ್ಪಾದಕರ ಪಟ್ಟಿಯಲ್ಲಿನ ಹೆಸರಿಗೆ ಹೊಂದುತ್ತದೆ ಎಂಬ ಟಿಪ್ಪಣಿ ಬಿದ್ದಿತ್ತು. 1,853 ಜನರ ವರದಿ ಮಾತ್ರ ಬೇರೆಯವರ ಕೈಗೆ ಹೋಗಿತ್ತು. ಆ ಟಿಪ್ಪಣಿಗಾಗಿ ಪರಿಹಾರ ಕೇಳುವ ಹಕ್ಕು ಅಷ್ಟು ಜನಕ್ಕೆ ಮಾತ್ರ ಎಂದಿತು ಸುಪ್ರೀಂ ಕೋರ್ಟು. ಉಳಿದವರ ಟಿಪ್ಪಣಿ ಕಡತದಲ್ಲೇ ಸುಮ್ನೆ ಬಿದ್ದಿತ್ತು.

ಎಳೆದಾಟ: ಈ ಕೋರ್ಟಿನಿಂದ ಆ ಕೋರ್ಟಿಗೆ

ನೀವು ರಾಜ್ಯದ ಕೋರ್ಟಿನಲ್ಲಿ ಕೇಸು ಹಾಕಿದ್ದೀರಿ. ಅದು ಫೆಡರಲ್ ಕೋರ್ಟಿಗೂ ಹೋಗಬಹುದಾಗಿದ್ದ ಕೇಸು. ಆಗ ಎದುರಿನ ಕಂಪನಿ 30 ದಿನದೊಳಗೆ ಅದನ್ನು ಅಲ್ಲಿಗೆ ಎಳೆದುಕೊಂಡು ಹೋಗಬಹುದು. ದೊಡ್ಡ ಕಂಪನಿಗಳು ಇದನ್ನು ತುಂಬಾ ಮಾಡುತ್ತವೆ. ಎರಡನೇ ಬಾಗಿಲಿನ ಕೇಸಾದರೆ, ಕಂಪನಿಯ ಸ್ವಂತ ರಾಜ್ಯದಲ್ಲೇ ಕೇಸು ಬಿದ್ದಿದ್ದಾಗ ಹಾಗೆ ಎಳೆಯುವಂತಿಲ್ಲ. 2025ರ ಜನವರಿಯಲ್ಲಿ ನಾಯಿ ಆಹಾರದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಇನ್ನೊಂದು ಮಾತು ಹೇಳಿತು. ಎಳೆದುಕೊಂಡು ಹೋದ ಮೇಲೂ ವಾದಿ ತನ್ನ ದೂರಿನಿಂದ ಕೇಂದ್ರ ಕಾನೂನಿನ ಭಾಗವನ್ನೆಲ್ಲ ತೆಗೆದುಹಾಕಿದರೆ ಕೇಸು ರಾಜ್ಯದ ಕೋರ್ಟಿಗೆ ಮರಳಬೇಕು.

ಯಾವಾಗ ಬೇಕಾದರೂ ಬೀಳಬಹುದಾದ ಕೇಸು

ನಮ್ಮಲ್ಲಿ ಜಾಗದ ವ್ಯಾಪ್ತಿಯ ತಕರಾರನ್ನು ಶುರುವಿನಲ್ಲೇ ಎತ್ತಬೇಕು, ಆಮೇಲೆ ಎತ್ತಿದರೆ ಕೋರ್ಟು ಸಾಮಾನ್ಯವಾಗಿ ಒಪ್ಪುವುದಿಲ್ಲ. ಫೆಡರಲ್ ಕೋರ್ಟಿನ ವಿಷಯವ್ಯಾಪ್ತಿಗೆ ಅಂಥ ಗಡುವಿಲ್ಲ. ವಿಚಾರಣೆ ಮುಗಿದು, ತೀರ್ಪು ಬಂದು, ಅಪೀಲಿನಲ್ಲಿದ್ದಾಗಲೂ ಎತ್ತಬಹುದು. ಎರಡೂ ಕಡೆಯವರು ಒಪ್ಪಿಕೊಂಡರೂ ಇಲ್ಲದ ಅಧಿಕಾರ ಬರುವುದಿಲ್ಲ. 1804ರಲ್ಲಿ ಕ್ಯಾಪ್ರನ್ ಎಂಬವರು ತಾವೇ ಫೆಡರಲ್ ಕೋರ್ಟಿನಲ್ಲಿ ಕೇಸು ಹಾಕಿ ಸೋತರು. ಆಮೇಲೆ ಸುಪ್ರೀಂ ಕೋರ್ಟಿಗೆ ಹೋಗಿ, ಆ ಕೋರ್ಟಿಗೆ ವ್ಯಾಪ್ತಿ ಇತ್ತೆಂಬುದು ದಾಖಲೆಯಲ್ಲೇ ಇಲ್ಲ ಎಂದರು. ತೀರ್ಪು ರದ್ದಾಯಿತು.

ಹಾಗಾಗಿಯೇ ಕೇಸು ಹಾಕುವ ದಿನವೇ ಈ ಪ್ರಶ್ನೆ ಎದುರಾಗುತ್ತದೆ. ವಾದಪತ್ರದ ಜೊತೆ ಜೆಎಸ್ 44 ಎಂಬ ಮುಖಪುಟದ ನಮೂನೆ ಕೊಡಬೇಕು. ಅದರಲ್ಲಿ ವ್ಯಾಪ್ತಿಯ ಆಧಾರ ಎಂಬ ಜಾಗದಲ್ಲಿ ನಾಲ್ಕು ಚೌಕಗಳಿವೆ. ಅಮೆರಿಕ ಸರ್ಕಾರ ವಾದಿ, ಅಮೆರಿಕ ಸರ್ಕಾರ ಪ್ರತಿವಾದಿ, ಕೇಂದ್ರದ ಕಾನೂನು, ಬೇರೆ ಬೇರೆ ರಾಜ್ಯದವರು. ಒಂದಕ್ಕೆ ಗುರುತು ಹಾಕಬೇಕು. ಕೊನೆಯದಕ್ಕೆ ಹಾಕಿದರೆ ಪಕ್ಕದಲ್ಲಿ ಇಬ್ಬರ ಪೌರತ್ವವನ್ನೂ ತುಂಬಬೇಕು.

ವ್ಯಾಪ್ತಿ ಇಲ್ಲವೆಂದು ವಜಾ ಆದರೆ ಅದು ಸೋಲಲ್ಲ. ಕೋರ್ಟು ನಿಮ್ಮ ದೂರು ಸುಳ್ಳು ಎಂದು ಹೇಳಿಲ್ಲ. ಸರಿಯಾದ ಕೋರ್ಟಿನಲ್ಲಿ ಮತ್ತೆ ಹಾಕಬಹುದು. ಆದರೆ ಕೇಸು ಹಾಕುವ ಕಾಲಮಿತಿ ಅಷ್ಟರಲ್ಲಿ ಮುಗಿದುಹೋಗಿರಬಹುದು. ಎಷ್ಟೋ ರಾಜ್ಯಗಳು ಇಂಥವರಿಗೆ ಸ್ವಲ್ಪ ಹೆಚ್ಚುವರಿ ಸಮಯ ಕೊಡುತ್ತವೆ, ಎಲ್ಲ ಕಡೆ ಒಂದೇ ರೀತಿ ಅಲ್ಲ. ವಜಾ ಆದ ದಿನವೇ ವಕೀಲರ ಹತ್ತಿರ ಕೇಳಬೇಕಾದ ಮೊದಲ ವಿಷಯ ಇದು.

ಮಾಟ್ಲಿ ದಂಪತಿಯೂ ಹಾಗೇ ಮಾಡಿದರು. 1908ರಲ್ಲಿ ವಜಾ ಆದ ಮೇಲೆ ಕೆಂಟಕಿಯ ರಾಜ್ಯ ಕೋರ್ಟಿನಲ್ಲಿ ಅದೇ ಕೇಸು ಹಾಕಿದರು, ಗೆದ್ದರು. ಕಂಪನಿ ಮತ್ತೆ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜ್ಯದ ಕೋರ್ಟಿನಿಂದ ಬಂದ ಕೇಸಾದ್ದರಿಂದ ಈ ಸಲ ವ್ಯಾಪ್ತಿಯ ತೊಡಕಿರಲಿಲ್ಲ. ಮೂರು ವರ್ಷದ ಹಿಂದೆ ಮುಟ್ಟದೆ ಬಿಟ್ಟಿದ್ದ ಪ್ರಶ್ನೆಗೆ ಅದೇ ಕೋರ್ಟು 1911ರಲ್ಲಿ ಉತ್ತರ ಕೊಟ್ಟಿತು. ಹೊಸ ಕಾನೂನು ಹಳೆಯ ಒಪ್ಪಂದಕ್ಕೂ ಅನ್ವಯಿಸುತ್ತದೆ, ಪಾಸು ಕೊಡುವಂತಿಲ್ಲ ಎಂದಿತು. ಅಪಘಾತವಾಗಿ ಆಗ ಹತ್ತಿರ ಹತ್ತಿರ 40 ವರ್ಷವಾಗಿತ್ತು.